ಕೊರಿಯಾದ ಕಡುಬು

ಪುಸ್ತಕಕ್ಕೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು, ಸಿನಿಮಾಕ್ಕಂತೂ ಮೊದಲ ಆಟ ಮುಗಿಯುವ ಮುಂಚೆಯೇ ಉಂಟು. ತಿಂಡಿಗೆ ಮಾತ್ರ ನಮ್ಮಲ್ಲಿ ಎರಡೇ ಮಾತು. ಒಂದು ‘ಚೆನ್ನಾಗಿದೆ’, ಇನ್ನೊಂದು ‘ಪರವಾಗಿಲ್ಲ’. ಬೀಗರ ಮನೆಯಲ್ಲಾದರೆ ಎರಡನೆಯದೂ ಇಲ್ಲ. ದಿನಕ್ಕೆ ಮೂರು ಸಲ ಮಾಡುವ ಕೆಲಸದ ಬಗ್ಗೆ ನಾವು ಇಷ್ಟು ಕಡಿಮೆ ಯೋಚಿಸುವುದು ನನಗೆ ಮೊದಲಿನಿಂದಲೂ ಸೋಜಿಗ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ನನ್ನದು. ಮದುವೆ ಮನೆಯ ಪಾಯಸದ ಲೋಟ ಕೈಗೆ ಬಂದರೂ ಮನಸ್ಸು ‘ಇಪ್ಪತ್ತೈದಕ್ಕೆ ಎಷ್ಟು?’ ಎಂದು ಲೆಕ್ಕ ಹಾಕುತ್ತದೆ. ಈ ಚಾಳಿಯನ್ನು ನನ್ನ ಮನೆಯವರು ಸಹಿಸಿಕೊಂಡಿದ್ದಾರೆ, ಇನ್ನು ನೀವೂ ಸಹಿಸಿಕೊಳ್ಳಬೇಕು.

ಈ ಸಲ ನನ್ನ ಮುಂದಿರುವ ಉತ್ತರಪತ್ರಿಕೆ ತೊಕ್‌ಬೊಕ್ಕಿ. ಹೆಸರು ಕೇಳಿ ಹೆದರಬೇಡಿ, ಕೊರಿಯಾ ದೇಶದ ಬೀದಿ ತಿಂಡಿ ಅದು. ನಮ್ಮ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಸಿಯೋಲ್ ನಗರದ ಓಣಿಗಳು ನಂಜನಗೂಡಿನ ಬೀದಿಗಳಿಗಿಂತ ಚೆನ್ನಾಗಿ ಗೊತ್ತು. ಮೊಬೈಲಿನಲ್ಲಿ ಅಲ್ಲಿನ ಧಾರಾವಾಹಿ ನೋಡುತ್ತಾರೆ, ಅಲ್ಲಿನ ಹುಡುಗರ ಹಾಡು ಹಾಡುತ್ತಾರೆ, ‘ಅನ್ಯಾಂಗ್’ ಎಂದು ನಮಸ್ಕಾರವನ್ನೂ ಹೇಳುತ್ತಾರೆ. ಕನ್ನಡದ ಮಹಾಪ್ರಾಣಕ್ಕೆ ತಡವರಿಸುವ ನಾಲಿಗೆ ಕೊರಿಯಾದ ದ್ವಿತ್ವಗಳನ್ನು ಸಲೀಸಾಗಿ ಆಡುವುದನ್ನು ಕೇಳಿದಾಗ ಕನ್ನಡ ಟೀಚರಾದ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಮಿಸ್, ನೀವು ಕೊರಿಯನ್ ತಿಂದೇ ಇಲ್ವಾ?’ ಕೊರಿಯನ್ ಎಂದರೆ ಯಾವುದು, ಸಾರೋ ಪಲ್ಯವೋ ಎಂದು ಕೇಳಿದೆ. ‘ಅಯ್ಯೋ ಮಿಸ್, ಕೊರಿಯನ್ ಅಂದ್ರೆ ಕೊರಿಯನ್’ ಎಂದಳು. ಆಮೇಲೆ ತೊಕ್‌ಬೊಕ್ಕಿಯನ್ನು ಮೂರು ಕಡೆ ತಿಂದೆ, ಒಂದು ಕಡೆ ಮಾಡಿಸಿ ನೋಡಿದೆ. ಹೀಗಾಗಿ ಇದು ತಿಂದವಳ ವಿಮರ್ಶೆ.

ಮೊದಲು ಪದಾರ್ಥದ ಪರಿಚಯ. ಅಕ್ಕಿ ನೆನೆಸಿ, ಹಿಟ್ಟು ಮಾಡಿ, ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಚೆನ್ನಾಗಿ ಕುಟ್ಟಿ ಅಥವಾ ಯಂತ್ರದಲ್ಲಿ ಒತ್ತಿ ಉದ್ದನೆಯ ಉರುಳೆ ಮಾಡುತ್ತಾರೆ. ಇದಕ್ಕೆ ‘ತೊಕ್’ ಎಂದು ಹೆಸರು, ನಮ್ಮ ಕಡುಬಿನ ದಾಯಾದಿ. ಅದನ್ನು ಬೆರಳುದ್ದ ಕತ್ತರಿಸಿ ಕೆಂಪು ಗೊಜ್ಜಿನಲ್ಲಿ ಕುದಿಸಿದರೆ ತೊಕ್‌ಬೊಕ್ಕಿ. ಗೊಜ್ಜಿನ ಜೀವಾಳ ಗೊಚುಜಾಂಗ್ ಎಂಬ ಹುದುಗು. ಮೆಣಸಿನಪುಡಿ, ಸೋಯಾ ಕಾಳಿನ ಹುದುಗುಹಿಟ್ಟು, ಅಂಟಕ್ಕಿ, ಮೊಳಕೆ ಬಾರ್ಲಿ, ಉಪ್ಪು ಸೇರಿಸಿ ಮಣ್ಣಿನ ಗುಡಾಣಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ನಮ್ಮಲ್ಲಿ ಉಪ್ಪಿನಕಾಯಿ ಜಾಡಿಯನ್ನು ಮುಟ್ಟುವ ಕೈಗೆ ಮಡಿ ಇರುವಂತೆ ಅವರ ಗುಡಾಣಗಳಿಗೂ ನೇಮನಿಷ್ಠೆಗಳುಂಟು. ಕೊರಿಯನ್ನರ ಈ ಹುದುಗು ಮಾಡುವ ವಿದ್ಯೆಯನ್ನು 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೊಜ್ಜಿನ ನೀರು ಕೂಡ ಬರಿಯ ನೀರಲ್ಲ, ಸಣ್ಣ ಒಣಮೀನು ಮತ್ತು ಕಡಲಪಾಚಿ ಕುದಿಸಿ ಸೋಸಿದ ಸಾರು. ಒಣಸೀಗಡಿ ಹಾಕಿದ ಬದನೆಕಾಯಿ ಸಾರು ಉಂಡು ಬೆಳೆದ ನಮ್ಮ ಕಡೆಯವರಿಗೆ ಇದು ವಿಚಿತ್ರವೇನಲ್ಲ. ಮೀನು ತಿನ್ನದವರು ಮಾತ್ರ ಕೇಳಿ ತಿನ್ನುವುದು ಒಳ್ಳೆಯದು. ಕೆಂಪು ಬಣ್ಣದ ಅಡಿಯಲ್ಲಿ ಏನಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಈ ತಿಂಡಿಯ ಗುಣವೆಲ್ಲ ಒಂದೇ ಮಾತಿನಲ್ಲಿದೆ: ಜಗಿತ. ನಮ್ಮ ಕಡುಬು ಬಾಯಲ್ಲಿ ಮುರಿಯುತ್ತದೆ, ಇಡ್ಲಿ ಕರಗುತ್ತದೆ, ಮುದ್ದೆಯನ್ನಂತೂ ಜಗಿಯಲೇಬಾರದು, ನುಂಗಬೇಕು. ಮುದ್ದೆ ಜಗಿಯುವವನನ್ನು ಕಂಡರೆ ನಮ್ಮ ಹಳ್ಳಿಗಳಲ್ಲಿ ಪಟ್ಟಣದವನು ಎಂದು ಗುರುತಿಸುತ್ತಿದ್ದರು. ಕೊರಿಯಾದ ಕಡುಬು ಇದಕ್ಕೆ ತದ್ವಿರುದ್ಧ. ಹಲ್ಲು ಒತ್ತಿದರೆ ಒಳಗೆ ಹೋಗುತ್ತದೆ, ಎಳೆದರೆ ಹಿಂದಕ್ಕೆ ಎಳೆಯುತ್ತದೆ, ಒಂದೆರಡು ಕ್ಷಣ ಜಗ್ಗಾಡಿ ಆಮೇಲೆ ಸೋಲುತ್ತದೆ. ಆ ಜಗ್ಗಾಟದ ಹೊತ್ತಿನಲ್ಲಿ ಗೊಜ್ಜಿನ ಸಿಹಿ ಮೊದಲು, ಹುದುಗಿನ ಹುಳಿ ಆಮೇಲೆ, ಖಾರ ಕೊನೆಗೆ ಒಂದೊಂದಾಗಿ ನಾಲಿಗೆಗೆ ಬರಬೇಕು. ಜಗಿತ ಇಲ್ಲದಿದ್ದರೆ ಮೂರೂ ಒಟ್ಟಿಗೆ ಬಂದು ಗಂಟಲಿಗೆ ಹೋಗುತ್ತವೆ. ಆಗ ಉಳಿಯುವುದು ಬರಿಯ ಉರಿ.

ಇನ್ನು ತಿಂದ ಕಡೆಗಳು. ಮೊದಲನೆಯದು ಹುಣಸೂರಿನಲ್ಲಿ, ಸಂಜೆ ಹೊತ್ತು ತೆರೆಯುವ ಒಂದು ತಳ್ಳುಗಾಡಿ. ಹಿಂದೆ ಅದೇ ಗಾಡಿಯಲ್ಲಿ ಗೋಬಿ ಮಂಚೂರಿ ಮಾರುತ್ತಿದ್ದರು, ಈಗಲೂ ಮಾರುತ್ತಾರೆ, ಹಲಗೆ ಮಾತ್ರ ಬದಲಾಗಿದೆ. ನೂರಿಪ್ಪತ್ತು ರೂಪಾಯಿಗೆ ಒಂದು ಕಾಗದದ ಬಟ್ಟಲು. ಒಳಗೆ ಎಂಟು ಬಿಳಿಯ ತುಂಡು. ಗಾತ್ರ ಸೀಮೆಸುಣ್ಣದ್ದು, ಬಣ್ಣ ಸೀಮೆಸುಣ್ಣದ್ದು, ಕಚ್ಚಿದರೆ ಹೃದಯವೂ ಸೀಮೆಸುಣ್ಣದ್ದೇ. ಈ ಉರುಳೆಗಳು ಗಾಳಿ ತೆಗೆದ ಪೊಟ್ಟಣಗಳಲ್ಲಿ ಬರುತ್ತವೆ. ತಣ್ಣಗಿಟ್ಟರೆ ಅಕ್ಕಿಯ ಪಿಷ್ಟ ಬಿಗಿದುಕೊಂಡು ಕಲ್ಲಾಗುತ್ತದೆ, ರಾತ್ರಿಯ ಅನ್ನ ಬೆಳಿಗ್ಗೆ ಗಟ್ಟಿಯಾಗುವುದಿಲ್ಲವೇ, ಅದೇ ವಿದ್ಯಮಾನ. ಬೆಚ್ಚಗಿನ ನೀರಿನಲ್ಲಿ ನೆನೆಸಿ ಆಮೇಲೆ ನಿಧಾನವಾಗಿ ಕುದಿಸಿದರೆ ಮತ್ತೆ ಮೆತ್ತಗಾಗುತ್ತದೆ. ಗಾಡಿಯ ಹುಡುಗನಿಗೆ ಅಷ್ಟು ಪುರಸೊತ್ತಿಲ್ಲ. ದೊಡ್ಡ ಉರಿಯ ಮೇಲೆ ಬಾಣಲೆ ಇಟ್ಟು, ಟೊಮೆಟೊ ಸಾಸು, ಚಿಲ್ಲಿ ಸಾಸು ಎರಡನ್ನೂ ಸುರಿದು, ಎರಡು ಸಲ ಎಗರಿಸಿ, ಮೇಲೆ ಚೀಸು ತುರಿದು ಕೊಟ್ಟ. ಗೊಚುಜಾಂಗ್ ಎಲ್ಲಪ್ಪ ಎಂದರೆ ‘ಇದೇ ಆಂಟಿ, ಕೊರಿಯನ್ ಸಾಸು’ ಎಂದು ಟೊಮೆಟೊ ಬಾಟಲಿಯನ್ನೇ ತೋರಿಸಿದ. ಇಪ್ಪತ್ತೈದಕ್ಕೆ ಆರು. ಅದೂ ಬಿಸಿಯಾಗಿ ಕೊಟ್ಟಿದ್ದಕ್ಕೆ.

ಗೋಬಿ ಮಂಚೂರಿಯ ಹೆಸರು ಬಂತಲ್ಲ, ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಮಂಚೂರಿಯಾ ಎಂಬುದು ಚೀನಾದ ಈಶಾನ್ಯ ಮೂಲೆ, ಕೊರಿಯಾದ ನೆತ್ತಿಯ ಮೇಲಿದೆ. ಅಲ್ಲಿನವರು ಗೋಬಿ ಮಂಚೂರಿಯನ್ನು ಕಂಡವರಲ್ಲ. 1970ರ ದಶಕದಲ್ಲಿ ಮುಂಬಯಿಯ ಚೀನೀ ಅಡುಗೆಯವರೊಬ್ಬರ ಕೈಯಲ್ಲಿ ಹುಟ್ಟಿದ ಕೋಳಿಯ ಅಡುಗೆ, ಹೂಕೋಸಾಗಿ ಮರುಜನ್ಮ ಪಡೆದು ನಮ್ಮ ಜಾತ್ರೆಗಳಿಗೆ ಬಂತು. ಚುಂಚನಕಟ್ಟೆ ಜಾತ್ರೆಯಲ್ಲಿ ದನಗಳ ಸಾಲಿನ ಪಕ್ಕದಲ್ಲೇ ಅದರ ಕೆಂಪು ಬೆಟ್ಟವನ್ನು ನಾನು ವರ್ಷ ವರ್ಷ ನೋಡಿದ್ದೇನೆ. ಆ ಕೆಂಪು ಎಲ್ಲಿಂದ ಬರುತ್ತಿತ್ತು ಎಂಬುದು 2024ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶ ಹೊರಡಿಸಿದಾಗ ಎಲ್ಲರಿಗೂ ತಿಳಿಯಿತು. ಅಂದರೆ ಮಂಚೂರಿಯಾದ ಕೆಂಪು ಬಣ್ಣ ನಿಂತ ಮೇಲೆ, ನಮ್ಮ ಗಾಡಿಗಳು ಭೂಪಟದಲ್ಲಿ ಒಂದು ದೇಶ ದಕ್ಷಿಣಕ್ಕೆ ಇಳಿದು ಕೊರಿಯಾಕ್ಕೆ ಬಂದಿವೆ.

ಕೊರಿಯಾದ ಕೆಂಪು ನಿಜವಾಗಿ ಮೆಣಸಿನಕಾಯಿಯದು. ಆ ಮೆಣಸಿನಕಾಯಿಯೂ ಅವರ ಸ್ವಂತದ್ದಲ್ಲ, ನಮ್ಮದೂ ಅಲ್ಲ. ಅಮೆರಿಕದ ಗಿಡ. ಪೋರ್ಚುಗೀಸರ ಹಡಗಿನ ಕಾಲದಲ್ಲಿ ನಮಗೆ ಬಂತು, ಸುಮಾರು ಅದೇ ಶತಮಾನದ ಕೊನೆಯ ಹೊತ್ತಿಗೆ ಅವರಿಗೂ ಬಂತು. ಅದಕ್ಕೂ ಮುಂಚೆ ನಮ್ಮ ಸಾರಿಗೆ ಕಾಳುಮೆಣಸೇ ಗತಿ, ಹೆಸರೇ ಹೇಳುತ್ತದೆ, ಮೆಣಸಿನ ಕಾಯಿ ಎಂದು. ಕೊರಿಯನ್ನರು ಒಣಗಿಸಿ ಕುಟ್ಟುವ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇದನ್ನು ಓದಿದ ಕೂಡಲೇ ಯಾವ ಗೃಹಿಣಿಗಾದರೂ ಬ್ಯಾಡಗಿ ನೆನಪಾಗಬೇಕು. ನಮ್ಮ ಗಾಡಿಯವರು ಟೊಮೆಟೊ ಸಾಸು ಸುರಿಯುವ ಬದಲು ಬ್ಯಾಡಗಿ ನೆನೆಸಿ ರುಬ್ಬಿ ಬೆಲ್ಲ ಸೇರಿಸಿದ್ದರೂ ಕೊರಿಯಾಕ್ಕೆ ಅರ್ಧ ದಾರಿ ಹೋಗಬಹುದಿತ್ತು.

ಖಾರದ ವಿಷಯದಲ್ಲಿ ಮಕ್ಕಳಿಗೆ ಒಂದು ಭ್ರಮೆ ಇದೆ, ಕೊರಿಯನ್ ಎಂದರೆ ಪಂಥ ಎಂದು. 2012ರಲ್ಲಿ ಅಲ್ಲಿನ ಸಮ್ಯಾಂಗ್ ಕಂಪನಿ ಬುಲ್ದಾಕ್ ಎಂಬ ಬೆಂಕಿಯ ನೂಡಲ್ಸ್ ತಂದಿತು. 2024ರ ಜೂನ್‌ನಲ್ಲಿ ಡೆನ್ಮಾರ್ಕ್ ದೇಶ ಅದರ ಮೂರು ಬಗೆಗಳನ್ನು ಖಾರ ಅತಿಯಾಯಿತೆಂದು ಅಂಗಡಿಗಳಿಂದ ವಾಪಸು ತೆಗೆಸಿತು, ಮುಂದಿನ ತಿಂಗಳು ಎರಡನ್ನು ಮತ್ತೆ ಬಿಟ್ಟಿತು. ಸುದ್ದಿ ಕೇಳಿ ನಮ್ಮ ಹುಡುಗರಿಗೆ ಹುರುಪು ಹೆಚ್ಚಾಯಿತು. ಆದರೆ ಅದು ಕಾರ್ಖಾನೆಯ ಖಾರ, ವ್ಯಾಪಾರದ ಖಾರ. ಬೀದಿಯ ತೊಕ್‌ಬೊಕ್ಕಿ ಶಾಲೆ ಬಿಟ್ಟು ಮನೆಗೆ ಹೋಗುವ ಮಕ್ಕಳ ತಿಂಡಿ. ಖಾರಕ್ಕಿಂತ ಸಿಹಿ ಒಂದು ಕೈ ಮುಂದು ಇರುತ್ತದೆ.

ಅದರ ಚರಿತ್ರೆ ನನಗೆ ತಿಂಡಿಗಿಂತ ಹೆಚ್ಚು ರುಚಿಸಿತು. ಹಿಂದೆ ಅರಮನೆಯಲ್ಲಿ ಇದನ್ನು ಸೋಯಾ ಸಾಸಿನಲ್ಲಿ, ಮಾಂಸ ತರಕಾರಿಗಳ ಜೊತೆ ಮಾಡುತ್ತಿದ್ದರು, ಕೆಂಪೇ ಇರಲಿಲ್ಲ. ಕೆಂಪು ಗೊಜ್ಜಿನ ತೊಕ್‌ಬೊಕ್ಕಿಯನ್ನು 1953ರಲ್ಲಿ ಸಿಯೋಲ್ ನಗರದ ಶಿಂದಾಂಗ್ ಬೀದಿಯಲ್ಲಿ ಮಾ ಬೊಕ್ ರಿಮ್ ಎಂಬ ಹೆಂಗಸು ಶುರುಮಾಡಿದರು ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ. 1953 ಎಂದರೆ ಮೂರು ವರ್ಷದ ಯುದ್ಧ ನಿಂತ ವರ್ಷ. ಊರೆಲ್ಲ ಬೂದಿ. ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು ಅದೇ ವರ್ಷ ಕೊರಿಯಾಕ್ಕೆ ಹೋದರು. ತಮ್ಮ ದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಗತಿ ನಿರ್ಧರಿಸಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಮೈಸೂರಿನಿಂದ ಮಡಿಕೇರಿಗೆ ಹೋಗುವ ಬಸ್ಸುಗಳು ಹುಣಸೂರು ದಾಟಿಯೇ ಹೋಗಬೇಕು, ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿಸೈಡ್’ ಈಗ ವಸ್ತುಸಂಗ್ರಹಾಲಯವಾಗಿದೆ. ಶಾಲಾ ಪ್ರವಾಸದಲ್ಲಿ ನಾವು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತೇವೆ. ಸಿಯೋಲ್‌ನ ಗಾಯಕರ ಹುಟ್ಟುಹಬ್ಬವನ್ನು ಬಾಯಿಪಾಠ ಹೇಳುವ ಹುಡುಗಿಯರು ‘ಕೊರಿಯಾ’ ಎಂದು ಬರೆದ ಫಲಕದ ಮುಂದೆ ನಿಲ್ಲದೆ ಫಿರಂಗಿಯ ಹತ್ತಿರ ಫೋಟೋ ತೆಗೆಸಿಕೊಳ್ಳಲು ಓಡುತ್ತಾರೆ.

ಯುದ್ಧದ ನಂತರ ಅಕ್ಕಿಗೆ ತತ್ವಾರ. ಅಮೆರಿಕದ ನೆರವಿನ ಗೋಧಿಹಿಟ್ಟು ಬಂತು, ಸರ್ಕಾರವೇ ಅಕ್ಕಿ ಬಿಟ್ಟು ಹಿಟ್ಟು ತಿನ್ನಿ ಎಂದು ಹೇಳಿತು. ಬೀದಿಯ ತೊಕ್ ಗೋಧಿಯದಾಯಿತು. ಈಗ ಐವತ್ತು ದಾಟಿದ ಕೊರಿಯನ್ನರಲ್ಲಿ ಗೋಧಿಯ ತೊಕ್ಕೇ ರುಚಿ ಎನ್ನುವವರು ಬಹಳ, ಅದು ಅವರ ಶಾಲೆಯ ದಿನಗಳ ರುಚಿ. ಇದು ನನಗೆ ಎಷ್ಟು ಚೆನ್ನಾಗಿ ಅರ್ಥವಾಗುತ್ತದೆ! ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು ಬರುತ್ತಿತ್ತು, ಅದೂ ಅಮೆರಿಕದ್ದೇ. ಚೀಲದ ಮೇಲೆ ಕೈಕುಲುಕುವ ಚಿತ್ರ. ಮುತ್ತುಗದ ಎಲೆಯ ಮೇಲೆ ಹಾಕಿದ ಆ ಉಪ್ಪಿಟ್ಟಿನ ಎಣ್ಣೆಯ ವಾಸನೆ ಈಗಲೂ ಮೂಗಿನಲ್ಲಿದೆ. ಬಡತನದ ತಿಂಡಿಗೆ ಇರುವ ನೆನಪಿನ ರುಚಿಯನ್ನು ಯಾವ ಹೋಟೆಲಿನವನೂ ಬಡಿಸಲಾರ. ಚೀಸು ಸುರಿದರಂತೂ ಬಂದದ್ದೂ ಓಡಿಹೋಗುತ್ತದೆ.

ಎರಡನೆಯದು ಮೈಸೂರಿನ ಒಂದು ಕೆಫೆ. ಗೋಡೆಯ ತುಂಬ ಗಾಯಕರ ಚಿತ್ರಗಳು, ಗುಲಾಬಿ ದೀಪ, ಇನ್ನೂರೆಂಬತ್ತು ರೂಪಾಯಿ. ಗೊಚುಜಾಂಗ್ ನಿಜದ್ದೇ, ಉರುಳೆಗಳು ಮೆತ್ತಗಿದ್ದವು, ಕೆಲಸಕ್ಕೆ ಹೆಸರಿಡುವಂತಿಲ್ಲ. ಆದರೆ ಗೊಜ್ಜು ಸಕ್ಕರೆ ಪಾಕದಂತಿತ್ತು, ಮೀನಿನ ಸಾರಿನ ಬದಲು ನೀರು ಹಾಕಿದ್ದರಿಂದ ತಳವಿಲ್ಲದ ರುಚಿ. ಸಸ್ಯಾಹಾರಿಗಳಿಗಾಗಿ ಹಾಗೆ ಮಾಡಿದ್ದಾರೆಂದರು. ನ್ಯಾಯವೇ, ಆದರೆ ಅಣಬೆ ಕುದಿಸಿ ಸೋಸಿದ್ದರೆ ಆ ಕೊರತೆ ತುಂಬುತ್ತಿತ್ತು. ಹದಿಮೂರು ಅಂಕ. ಅಲ್ಲೇ ಕಡ್ಡಿಗೆ ಸಿಕ್ಕಿಸಿದ ಇನ್ನೊಂದು ಬೋಂಡವನ್ನೂ ತಿಂದೆ, ಒಳಗೆ ಚೀಸು, ಹೊರಗೆ ಬ್ರೆಡ್ಡಿನ ಪುಡಿ, ಅದರ ಮೇಲೆ ಸಕ್ಕರೆ. ಎಣ್ಣೆಯ ತಿಂಡಿಯ ಮೇಲೆ ಸಕ್ಕರೆ ಉದುರಿಸುವ ಜನಾಂಗದ ಬಗ್ಗೆ ನನಗೆ ಹೇಳಲು ಏನೂ ಇಲ್ಲ.

ಮೂರನೆಯದಕ್ಕೆ ಮುಂಚೆ ಮನೆಯ ಪ್ರಯೋಗ. ನನ್ನ ಅಕ್ಕನನ್ನು ಕೃಷ್ಣರಾಜನಗರದ ಕಡೆಗೆ ಕೊಟ್ಟಿದೆ. ಕಾವೇರಿಯ ನಾಲೆಗಳ ಭತ್ತದ ಸೀಮೆ, ಅಕ್ಕಿಯ ವಿಷಯದಲ್ಲಿ ಅವಳಿಗೆ ಎದುರಾಡುವಂತಿಲ್ಲ. ಒತ್ತುಶ್ಯಾವಿಗೆ ಮಾಡುವಾಗ ನೆಂಟರೆಲ್ಲ ಅವಳನ್ನೇ ಕರೆಯುವುದು. ಮೊಬೈಲಿನಲ್ಲಿ ತೊಕ್ ಮಾಡುವುದನ್ನು ತೋರಿಸಿದೆ. ಕನ್ನಡಕ ಹಾಕಿ ನೋಡಿದವಳು ‘ಇದೇನು ಮಹಾ, ಶ್ಯಾವಿಗೆ ಉಂಡೇನ ಒರಳಿಗೆ ಹಾಕ್ದೆ ಮರೆತುಬಿಟ್ಟವ್ರೆ’ ಎಂದಳು. ಹಿಟ್ಟು ಬೇಯಿಸಿ ಉಂಡೆ ಮಾಡಿ, ಮತ್ತೆ ಕುದಿಸಿ, ಬಿಸಿ ಬಿಸಿಯಾಗಿಯೇ ಒನಕೆಯಲ್ಲಿ ಕುಟ್ಟಿದೆವು. ಉರುಳೆ ಚೆನ್ನಾಗಿಯೇ ಬಂತು. ಗೊಜ್ಜಿನಲ್ಲಿ ಹತ್ತು ನಿಮಿಷ ಕುದಿಯುವಷ್ಟರಲ್ಲಿ ಅಂಚುಗಳು ಸವೆದು ಗೊಜ್ಜು ಗಂಜಿಯಾಯಿತು. ಕಾರಣ ಅಕ್ಕಿಯಲ್ಲಿದೆ. ಪಿಷ್ಟದಲ್ಲಿ ಎರಡು ಜಾತಿ, ಒಂದು ಬಿಡಿಬಿಡಿಯಾಗಿಸುವುದು, ಇನ್ನೊಂದು ಅಂಟಾಗಿಸುವುದು. ನಮ್ಮ ಉದ್ದಕಾಳಿನ ಅಕ್ಕಿಯಲ್ಲಿ ಮೊದಲನೆಯದು ಹೆಚ್ಚು, ಅನ್ನ ಉದುರುದುರಾಗಿ ಸಾರು ಹೀರಿಕೊಳ್ಳಬೇಕಲ್ಲ. ಅವರ ಗುಂಡುಕಾಳಿನಲ್ಲಿ ಎರಡನೆಯದು ಹೆಚ್ಚು, ಕಡ್ಡಿಯಲ್ಲಿ ಎತ್ತಿ ತಿನ್ನಬೇಕಲ್ಲ. ಕೈಯಲ್ಲಿ ಕಲಸುವವರಿಗೂ ಕಡ್ಡಿಯಲ್ಲಿ ಎತ್ತುವವರಿಗೂ ಭತ್ತವೇ ಬೇರೆ. ಅಕ್ಕ ಸೋಲೊಪ್ಪಲಿಲ್ಲ. ಉಳಿದ ಹಿಟ್ಟನ್ನು ಒರಳಿಗೆ ಹಾಕಿ ಶ್ಯಾವಿಗೆ ಒತ್ತಿ, ನನ್ನ ಗೊಚುಜಾಂಗ್ ಗೊಜ್ಜನ್ನು ಅದರ ಮೇಲೆ ಸುರಿದು, ಕೊತ್ತಂಬರಿ ಸೊಪ್ಪು ಉದುರಿಸಿದಳು. ಮನೆ ಮಂದಿಯೆಲ್ಲ ಎರಡನೇ ಸಲ ಹಾಕಿಸಿಕೊಂಡರು. ಅದಕ್ಕೆ ಹದಿನೆಂಟು ಕೊಡಬಹುದು, ಆದರೆ ತೊಕ್‌ಬೊಕ್ಕಿಯ ಪರೀಕ್ಷೆಯಲ್ಲಿ ಅದನ್ನು ಸೇರಿಸುವಂತಿಲ್ಲ.

ಮೂರನೆಯದು ಬೈಲಕುಪ್ಪೆ. ಈ ವಿಮರ್ಶೆ ಬರೆಯಬೇಕೆನ್ನಿಸಿದ್ದೇ ಅಲ್ಲಿ ಹೋಗಿ ಬಂದ ಮೇಲೆ.

ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಬೈಲಕುಪ್ಪೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ. ಟಿಬೆಟ್ಟಿನಿಂದ ಓಡಿಬಂದವರಿಗೆ ಅಂದಿನ ಮೈಸೂರು ಸರ್ಕಾರ 1960–61ರ ಹೊತ್ತಿಗೆ ಅಲ್ಲಿ ನೆಲೆ ಕೊಟ್ಟಿತು. ಆಮೇಲೆ 1969ರಲ್ಲಿ ಅಲ್ಲೇ ಇನ್ನೊಂದು ವಸತಿ, 1972ರಲ್ಲಿ ನಮ್ಮ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು. ಹಿಮದ ನಾಡಿನವರು ಕಾಡು ಕಡಿದು, ಆನೆ ಕಾಟ ತಡೆದು, ಮೆಕ್ಕೆಜೋಳ ಬೆಳೆದರು. ಚಳಿಗಾಲದಲ್ಲಿ ಊರೂರ ಫುಟ್‌ಪಾತಿನಲ್ಲಿ ಸ್ವೆಟರ್ ಮಾರಿದರು. ನನ್ನ ಮೊದಲ ಕಾಲೇಜು ಸ್ವೆಟರು ಅವರಿಂದ ಕೊಂಡದ್ದೇ. ಹೆಗ್ಗಡದೇವನಕೋಟೆಯಲ್ಲಿ ಆರು ವರ್ಷ, ಪಿರಿಯಾಪಟ್ಟಣದಲ್ಲಿ ಒಂಬತ್ತು ವರ್ಷ ಪಾಠ ಮಾಡಿದವಳು ನಾನು. ಆ ಒಂಬತ್ತು ವರ್ಷದಲ್ಲಿ ಸಹೋದ್ಯೋಗಿಗಳು ಬಸ್ಸಿನಲ್ಲಿ ಬೈಲಕುಪ್ಪೆ ದಾಟುವಾಗ ಗೋಪುರ ತೋರಿಸುತ್ತಿದ್ದರು, ಅವರ ಅಡುಗೆ ಏನೆಂದು ಯಾರೂ ಮಾತಾಡಿದ್ದಿಲ್ಲ. ಹುರಿದ ಬಾರ್ಲಿಯ ಹಿಟ್ಟನ್ನು ಚಹಾದಲ್ಲಿ ಕಲಸಿ ತಿನ್ನುತ್ತಾರೆಂದು, ಅದು ನಮ್ಮ ರಾಗಿ ಹುರಿಹಿಟ್ಟಿನ ಅಣ್ಣನೇ ಎಂದು ಎಷ್ಟು ಜನಕ್ಕೆ ಗೊತ್ತು? 1999ರಲ್ಲಿ ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರ ತೆರೆದ ಮೇಲೆ ಪ್ರವಾಸಿಗರು ಬಂದರು, ಮೊಮೊ ಪ್ರಸಿದ್ಧವಾಯಿತು.

ಭಾನುವಾರ ತಂಗಿಯ ಮಗಳ ಜೊತೆ ಹೋಗಿದ್ದೆ. ಮಂದಿರದಿಂದ ಸ್ವಲ್ಪ ದೂರದಲ್ಲಿ ನಾಲ್ಕು ಮೇಜಿನ ಸಣ್ಣ ಅಂಗಡಿ. ಹಲಗೆಯ ಮೇಲೆ ‘ಕೊರಿಯನ್’ ಎಂದು ಕೆಂಪು ದೊಡ್ಡ ಅಕ್ಷರ. ಅದರ ಕೆಳಗೆ ಬಸ್ಸಿನ ಟಿಕೇಟಿನಷ್ಟು ಸಣ್ಣದಾಗಿ ‘ಲಾಫಿಂಗ್, ಥುಕ್ಪಾ, ಮೊಮೊ’. ಒಳಗಿದ್ದವರು ನಲವತ್ತು ದಾಟಿದ ಹೆಂಗಸು. ಇಲ್ಲೇ ಹುಟ್ಟಿ ಬೆಳೆದವರು, ಮಾತಿನಲ್ಲಿ ಅಪ್ಪಟ ಪಿರಿಯಾಪಟ್ಟಣದ ಎಳೆತ. ತೊಕ್‌ಬೊಕ್ಕಿ ಬಂತು. ಹಿಂದಿನ ದಿನವೇ ನೆನೆಸಿಟ್ಟ ಉರುಳೆಗಳು, ಗೊಜ್ಜು ಉರುಳೆಗೆ ಅಂಟಿಯೂ ಅಂಟದಂತೆ ಹೊಳೆಯುತ್ತಿತ್ತು, ಮೇಲೆ ಈರುಳ್ಳಿ ತೆನೆ, ಚೀಸಿಲ್ಲ. ಸಿಹಿ, ಹುಳಿ, ಖಾರ ಒಂದೊಂದಾಗಿ ಸಾಲಿನಲ್ಲಿ ಬಂದವು. ಪಿಷ್ಟ ಪಳಗಿಸಿದ ಕೈ ಎಂದು ಮೊದಲ ತುತ್ತಿಗೇ ತಿಳಿಯಿತು. ಹತ್ತೊಂಬತ್ತು ಅಂಕ. ಈ ಕೈ ಎಲ್ಲಿ ಪಳಗಿತು ಎಂದು ಕೇಳಿದ್ದಕ್ಕೆ ಅವರು ನಕ್ಕು ಒಳಗಿನಿಂದ ಇನ್ನೊಂದು ತಟ್ಟೆ ತಂದಿಟ್ಟರು. ಅದು ಲಾಫಿಂಗ್.

ಲಾಫಿಂಗ್ ಮಾಡುವ ಬಗೆ ಹೀಗೆ. ಮೈದಾ ಹಿಟ್ಟು ಕಲಸಿ, ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯಬೇಕು. ಹಾಲಿನಂಥ ನೀರು ಒಂದು ಕಡೆ, ರಬ್ಬರಿನಂಥ ಅಂಟು ಒಂದು ಕಡೆ. ನೀರನ್ನು ರಾತ್ರಿಯೆಲ್ಲ ಬಿಟ್ಟರೆ ಪಿಷ್ಟ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿ ಬಸಿದು, ಗಟ್ಟಿಯನ್ನು ತೆಳ್ಳಗೆ ತಟ್ಟೆಗೆ ಹೊಯ್ದು ಹಬೆಯಲ್ಲಿ ಬೇಯಿಸಿದರೆ ಹೊಳೆಯುವ ಹಾಳೆ. ಹೆಸರುಕಾಳಿನ ಪಿಷ್ಟದಲ್ಲಿ ಮಾಡಿದರೆ ಬೆಳ್ಳಗೆ, ಹಾಲುಗಟ್ಟಿದಂತೆ. ರಾಗಿ ನೆನೆಸಿ ರುಬ್ಬಿ ಹಾಲು ತೆಗೆದು ಹಾಲುಬಾಯಿ ಮಾಡಿದವರಿಗೆ ಇದರ ಅರ್ಧ ವಿದ್ಯೆ ಈಗಾಗಲೇ ಗೊತ್ತಿದೆ, ಬೆಲ್ಲದ ಜಾಗದಲ್ಲಿ ಬೆಳ್ಳುಳ್ಳಿ ನೀರು, ವಿನಿಗರ್, ಸೋಯಾ ಸಾಸು, ಕಾಯಿಸಿದ ಮೆಣಸಿನೆಣ್ಣೆ. ತಣ್ಣಗೆ ತಿನ್ನಬೇಕು. ಹಾಳೆ ನಾಲಿಗೆಯ ಮೇಲೆ ಮೀನಿನಂತೆ ಜಾರುತ್ತದೆ, ನಡುವೆ ಸುತ್ತಿಟ್ಟ ಅಂಟಿನ ತುಂಡು ಮಾತ್ರ ಹಲ್ಲಿಗೆ ಸಿಕ್ಕಿ ರಸ ಬಿಡುತ್ತದೆ. ತಣ್ಣಗಿನ ತಿಂಡಿಯಲ್ಲಿ ಬಿಸಿಯಾದ ಖಾರ. ಜಾರುವುದು ಮತ್ತು ಜಗಿಯುವುದು ಒಂದೇ ತುತ್ತಿನಲ್ಲಿ. ತೊಕ್‌ಬೊಕ್ಕಿಗೆ ಒಂದೇ ಬುದ್ಧಿ, ಇದಕ್ಕೆ ಎರಡು. ಬೆಲೆ ಅದರ ಮೂರನೇ ಒಂದು ಭಾಗ. ಇಪ್ಪತ್ತೈದಕ್ಕೆ ಇಪ್ಪತ್ತೆರಡು, ಕೈ ಬಿಗಿ ಹಿಡಿದು ಕೊಟ್ಟದ್ದು.

‘ಇಷ್ಟು ಚೆನ್ನಾಗಿರೋದನ್ನ ಅಷ್ಟು ಸಣ್ಣಕ್ಷರದಲ್ಲಿ ಯಾಕೆ ಬರ್ಸಿದ್ದೀರಿ?’ ಎಂದೆ.

‘ಮುಂಚೆ ಅದೇ ದೊಡ್ಡದಾಗಿತ್ತು ಮೇಡಂ. ಮೈಸೂರಿನೋರು ಓದ್ಕಂಡು ಮುಂದಕ್ಕೆ ಹೋಗೋರು. ಕೊರಿಯನ್ ಅಂತ ಬರ್ಸಿದ್ಮೇಲೆ ಫೋಟೋ ತೆಗೆಯಕ್ಕಾದ್ರೂ ಒಳಗೆ ಬತ್ತಾರೆ.’

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: ‘ನೀವು ಕೊರಿಯಾದೋರಾ ಅಂತ ಹುಡುಗೀರು ಕೇಳ್ತಾರೆ. ಹೌದು ಅಂದ್ಬಿಡ್ತೀನಿ. ಇಲ್ಲ ಅಂದ್ರೆ ಟಿಬೆಟ್ ಎಲ್ಲೈತೆ, ಚೀನಾನಾ, ನೇಪಾಳಾನಾ, ಎಲ್ಲಾ ಹೇಳ್ಬೇಕು. ಅಷ್ಟರಲ್ಲಿ ಮೊಮೊ ಆರೋಗುತ್ತೆ.’

ನಗುತ್ತಲೇ ಹೇಳಿದರು. ತಂಗಿಯ ಮಗಳೂ ನಕ್ಕಳು. ಆಮೇಲೆ ಅವರು ತಟ್ಟೆ ಎತ್ತುತ್ತಾ, ತಮ್ಮ ತಂದೆಯ ಕಾಲದಲ್ಲಿ ಸುತ್ತಲ ಊರುಗಳವರು ‘ಚೀನಾದೋರು’ ಎಂದು ಕರೆಯುತ್ತಿದ್ದರೆಂದೂ, ಆ ಮಾತು ಕೇಳಿದ ದಿನ ತಂದೆಗೆ ಊಟ ಸೇರುತ್ತಿರಲಿಲ್ಲವೆಂದೂ ಹೇಳಿದರು. ಯಾರ ಸೈನ್ಯಕ್ಕೆ ಹೆದರಿ ಹಿಮದ ಬೆಟ್ಟ ದಾಟಿ ಬಂದರೋ ಆ ದೇಶದ ಹೆಸರನ್ನೇ ಇಲ್ಲಿ ಹಣೆಗೆ ಅಂಟಿಸಿದ್ದರು. ಮಗಳ ಕಾಲಕ್ಕೆ ಆ ಹೆಸರು ಹೋಗಿ ಇನ್ನೊಂದು ದೇಶದ ಹೆಸರು ಬಂದಿದೆ, ಈ ಸಲ ಪ್ರೀತಿಯಿಂದ.

ಇಲ್ಲಿ ಒಂದು ತಕರಾರು ಏಳಬಹುದು, ನಾನೇ ಎತ್ತಿಬಿಡುತ್ತೇನೆ. ಲಾಫಿಂಗ್ ಕೂಡ ಶುದ್ಧ ಟಿಬೆಟ್ಟಿನದಲ್ಲ, ಚೀನಾದ ಸಿಚುವಾನ್ ಕಡೆಯ ‘ಲ್ಯಾಂಗ್‌ಫೆನ್’ ಎಂಬ ತಣ್ಣನೆಯ ತಿಂಡಿಯೇ ಬೆಟ್ಟ ಹತ್ತಿ ಬಂದದ್ದು. ಮೆಣಸಿನಕಾಯಿಯ ಕಥೆ ಆಗಲೇ ಹೇಳಿದೆ. ತಿಂಡಿಗಳಿಗೆ ಗಡಿಯಿಲ್ಲ, ಸಂತೋಷ. ಹುಣಸೂರಿನ ಹುಡುಗಿ ಸಿಯೋಲ್‌ನ ಕಡುಬು ತಿನ್ನಬೇಕೆಂದು ಆಸೆಪಟ್ಟರೆ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಅವಳ ವಯಸ್ಸಿನಲ್ಲಿ ನಾವು ಮಸಾಲೆದೋಸೆಗಾಗಿ ಮೈಸೂರಿನ ಕನಸು ಕಂಡವರು. ತಿಂಡಿ ಎಷ್ಟು ಬೇಕಾದರೂ ಊರು ಬದಲಾಯಿಸಲಿ. ಅದನ್ನು ಮಾಡುವವರು ಏಕೆ ತಮ್ಮ ಊರನ್ನು ಬದಲಾಯಿಸಿ ಹೇಳಬೇಕು? ಅರವತ್ತು ವರ್ಷ ಪಕ್ಕದಲ್ಲಿ ಬೆಂದ ಅಡುಗೆಯ ಹೆಸರು ಓದಿ ಮುಂದಕ್ಕೆ ಹೋಗುವ ಗಿರಾಕಿ, ಅದೇ ಬಾಗಿಲಿಗೆ ಸಾವಿರಾರು ಮೈಲಿಯಾಚೆಯ ಹೆಸರು ಬಿದ್ದ ಕೂಡಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ. ಹುಣಸೂರಿನ ಗಾಡಿಯಲ್ಲಿ ಕೊರಿಯಾದ ಹೆಸರಿತ್ತು, ಕೊರಿಯಾ ಇರಲಿಲ್ಲ. ಬೈಲಕುಪ್ಪೆಯ ಅಂಗಡಿಯಲ್ಲಿ ಟಿಬೆಟ್ ಇತ್ತು, ಹೆಸರು ಕೊರಿಯಾದ್ದು. ವಿಮರ್ಶಕಿಯಾಗಿ ಎರಡನೆಯದು ನನ್ನನ್ನು ಹೆಚ್ಚು ಕಾಡಿತು. ಮೊದಲನೆಯದರಲ್ಲಿ ಹೋದದ್ದು ನನ್ನ ನೂರಿಪ್ಪತ್ತು ರೂಪಾಯಿ ಮಾತ್ರ.

ಸೋಮವಾರ ತರಗತಿಯಲ್ಲಿ ‘ಕೊರಿಯನ್ ತಿಂದೆ ಕಣ್ರೇ’ ಎಂದೆ. ಕೂಗಾಟವೋ ಕೂಗಾಟ. ಎಲ್ಲಿ ಮಿಸ್, ಹೇಗಿತ್ತು ಮಿಸ್, ಖಾರ ಆಯ್ತಾ ಮಿಸ್. ಬೈಲಕುಪ್ಪೆಯಲ್ಲಿ ತಿಂದೆ, ಅದಕ್ಕಿಂತ ಲಾಫಿಂಗೇ ಚೆನ್ನಾಗಿತ್ತು ಎಂದು ಮೂವತ್ತು ಮಕ್ಕಳ ಮುಂದೆ ಅಂಕ ಸಮೇತ ಘೋಷಿಸಿದೆ. ಹಿಂದಿನ ಬೆಂಚಿನಿಂದ ಗುರುಪುರದ ಕಡೆಯಿಂದ ಬರುವ ಹುಡುಗಿಯೊಬ್ಬಳು, ಒಕ್ಕಲಿಗರ ಮನೆಯವಳು, ಮೆಲ್ಲಗೆ ಹೇಳಿದಳು: ‘ಮಿಸ್, ನಮ್ಮಪ್ಪ ಅವರ ಹೊಲದಲ್ಲಿ ಜೋಳ ಮುರಿಯಕ್ಕೆ ಹೋಗ್ತಾರೆ. ಅದನ್ನ ಡಬ್ಬೀಲಿ ಕೊಟ್ಟು ಕಳಿಸ್ತಾರೆ. ನಮಗೆ ಅದು ಯಾವಾಗ್ಲೂ ಗೊತ್ತು.’ ಉಳಿದವರು ಅವಳತ್ತ ತಿರುಗಿ ನೋಡ ನೋಡುತ್ತಲೇ ಅವಳ ಸುತ್ತ ಗುಂಪು ಕಟ್ಟಿದರು. ಆ ಗಲಾಟೆಯಲ್ಲಿ ಅಂದಿನ ವ್ಯಾಕರಣ ಪಾಠ ನಿಂತುಹೋಯಿತು.

ತಿನ್ನಬೇಕೆನ್ನುವವರಿಗೆ ಒಂದೆರಡು ಸೂಚನೆ. ತಳ್ಳುಗಾಡಿಯ ತೊಕ್‌ಬೊಕ್ಕಿ ತಿನ್ನಲೇಬೇಕೆಂದಿದ್ದರೆ ಚೀಸು ಬೇಡವೆನ್ನಿ, ಎರಡು ನಿಮಿಷ ಹೆಚ್ಚು ಕುದಿಸಲು ಹೇಳಿ, ಆರಲು ಬಿಡದೆ ತಿನ್ನಿ. ಬೈಲಕುಪ್ಪೆಗೆ ಹೋಗುವವರು ಮಧ್ಯಾಹ್ನ ಎರಡು ಗಂಟೆಯೊಳಗೆ ಹೋಗಿ. ಹಿಂದಿನ ಸಂಜೆ ತೊಳೆದ ಹಿಟ್ಟು ಅಷ್ಟೇ, ಮುಗಿದರೆ ಮುಗಿಯಿತು. ಬಿಳಿಯ ಲಾಫಿಂಗ್ ಇದೆಯೇ ಎಂದು ಮೊದಲು ಕೇಳಿ, ಅದು ಬೇಗ ಖಾಲಿಯಾಗುತ್ತದೆ. ಮೆಣಸಿನೆಣ್ಣೆ ಎರಡು ಚಮಚ ಹಾಕುತ್ತಾರೆ, ಕಡಿಮೆ ಬೇಕಾದರೆ ಕನ್ನಡದಲ್ಲೇ ಹೇಳಿ.